ಹೊಸ ಕೀಪಿಂಗ್ ಗ್ಲೌಸ್ ಪಳಗಿಸುದು ಹೇಗೆ

ಕ್ರಿಕೆಟಲ್ಲಿ ವಿಕೆಟ್ ಕೀಪರ್ ಹಾಕುವ ಹೊಸ ಕೀಪಿಂಗ್ ಗ್ಲೌಸ್ ತಗೊಂಡು ಸೀದಾ ಮ್ಯಾಚಿಗೆ ಇಳಿಬೇಡಿ ಮಾರಾಯ್ರೆ. ಹೊಸತರಲ್ಲಿ ಅದು ಹಲಗೆ ಹಾಗೆ ಇರ್ತದೆ, ಬಾಲ್ ಸರಿಯಾಗಿ ಅಂಗೈಗೇ ಬಂದು ಬೀಳ್ತದೆ, ನೀವು ಬೆರಳು ಮಡಚುವಷ್ಟರಲ್ಲಿ ಪುಟಿದು ಹೊರಗೆ ಹೋಗಿ ಆಗಿರ್ತದೆ. ಎರಡು ಮೂರು ವಾರ ಮನೆಯಲ್ಲಿ ಪಳಗಿಸ್ಬೇಕು.

ಮೊದಲು ಬೆರಳು. ಒಳಗೆ ಹಾಕುವ ಕಾಟನ್ ಇನ್ನರ್ ಸ್ವಲ್ಪ ಒದ್ದೆ ಮಾಡಿ, ಚೆಂದ ಹಿಂಡಿ, ಕೈಗೆ ಹಾಕಿ, ಮೇಲಿಂದ ಗ್ಲೌಸ್ ಹಾಕಿ ಟಿವಿ ನೋಡುವಾಗ ಅರ್ಧ ಗಂಟೆ ಮುಷ್ಟಿ ಕಟ್ಟುದು ಬಿಡುದು ಮಾಡ್ತಾ ಇರಿ. ಕಿರುಬೆರಳು ಬೇಗ ಬಗ್ಗುದಿಲ್ಲ, ಅದನ್ನು ಇನ್ನೊಂದು ಕೈಯಿಂದ ಗಂಟು ಗಂಟಿಗೆ ಮಡಚಿ ಕೊಡಿ.

ಮತ್ತೆ ಮುಖ್ಯ ಕೆಲಸ, ಬಾಲ್ ಕೂರುವ ಗುಂಡಿ. ಹೆಬ್ಬೆರಳು ತೋರುಬೆರಳಿನ ಬುಡದಿಂದ ಸ್ವಲ್ಪ ಕೆಳಗೆ ಒಂದು ಹಳೆ ಲೆದರ್ ಬಾಲನ್ನು ಬಲವಾಗಿ ಹೊಡಿತಾ ಇರಿ, ದಿನಕ್ಕೆ ನೂರು ಸಲ ಆದ್ರೂ. ಸುರುವಿಗೆ ಟಪ್ ಟಪ್ ಅಂತ ಒಣ ಶಬ್ದ ಬರ್ತದೆ, ಕೆಲವು ದಿನ ಹೋದ್ರೆ ಅದೇ ದಬ್ ಅಂತ ಕೇಳ್ತದೆ, ಆಗ ಒಳಗೆ ಮೆತ್ತಗೆ ಆಗ್ತಾ ಉಂಟು ಅಂತ ಲೆಕ್ಕ. ರಾತ್ರಿ ಬಾಲನ್ನು ಆ ಗುಂಡಿಯಲ್ಲೇ ಇಟ್ಟು ಬೆರಳು ಮಡಚಿ ಹಳೆ ಬೈರಾಸಿನಲ್ಲಿ ಬಿಗಿಯಾಗಿ ಸುತ್ತಿಡಿ.

ಆದ್ರೆ ಹೆಬ್ಬೆರಳು ತೋರುಬೆರಳಿನ ನಡುವಿನ ವೆಬ್ಬನ್ನು, ಅಂದ್ರೆ ಎರಡನ್ನೂ ಸೇರಿಸುವ ಪಟ್ಟಿಯನ್ನು, ಎಳೆದು ಚೀಲದ ಹಾಗೆ ಮಾಡ್ಬೇಡಿ. ಹೆಬ್ಬೆರಳು ಪೂರ್ತಿ ಅಗಲಿಸಿದಾಗ ಅದು ಬಿಗಿಯಾಗಿ ನಿಲ್ಬೇಕು ಅಂತ ಕ್ರಿಕೆಟಿನ ನಿಯಮವೇ ಉಂಟು.

ಕ್ಯಾಚಿಂಗ್ ಸುರು ಮಾಡುವಾಗ ಮೊದಲು ಗೋಡೆಗೆ ಟೆನ್ನಿಸ್ ಬಾಲ್ ಹೊಡೆದು ಹಿಡಿರಿ, ಅದು 60 ಗ್ರಾಮ್ ಕೂಡ ಇಲ್ಲ, ಲೆದರ್ ಬಾಲ್ 156ರಿಂದ 163 ಗ್ರಾಮ್, ಸೀದಾ ಅದಕ್ಕೇ ಹಾರಿದ್ರೆ ಬೆರಳು ಹೋಗ್ತದೆ. ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ವಿಶ್ವಕಪ್ಪಲ್ಲಿ ಕೀಪಿಂಗ್ ಮಾಡಿದ ವಿಡಿಯೋ ನಿಧಾನ ಮಾಡಿ ನೋಡಿ, ಬಾಲ್ ತಾಗುವಾಗ ಕೈ ಅದರ ಜೊತೆ ಹೇಗೆ ಹಿಂದೆ ಬರ್ತದೆ ಅಂತ. ಗ್ಲೌಸಿಗೂ ಅದೇ ಅಭ್ಯಾಸ ಆಗ್ಬೇಕು.

ಬಿಸಿಲಿಗೆ ಮಾತ್ರ ಇಡ್ಲೇಬೇಡಿ. ನನ್ನ ಮೊದಲ ಜೋಡಿಯನ್ನು ಏಪ್ರಿಲ್ ತಿಂಗಳಲ್ಲಿ ಎರಡು ದಿನ ತಾರಸಿ ಮೇಲೆ ಇಟ್ಟಿದ್ದೆ, ಬೇಗ ಮೆತ್ತಗೆ ಆಗ್ಲಿ ಅಂತ, ಅಂಗೈಯ ರಬ್ಬರ್ ಬಿರುಕು ಬಿಟ್ಟು ಅದರ ಸಣ್ಣ ಸಣ್ಣ ಗುಳ್ಳೆ ಉಗುರು ತಾಗಿಸಿದ್ರೆ ಉದುರ್ತಾ ಇತ್ತು. ಅಜ್ಜಿ ಮನೆಯ ಒಳ್ಳೆ ತೆಂಗಿನೆಣ್ಣೆ ಅಂತ ಅದನ್ನೂ ಹಚ್ಬೇಡಿ, ಲೆದರ್ ಭಾರ ಆಗ್ತದೆ, ರಬ್ಬರಿನ ಹಿಡಿತ ಹೋಗ್ತದೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಆಟ ಕಡಿಮೆ, ಪಳಗಿಸ್ಲಿಕ್ಕೆ ಅದೇ ಒಳ್ಳೆ ಸಮಯ, ಆದ್ರೆ ಕಿಟ್ ಬ್ಯಾಗಿನೊಳಗೆ ಮುಚ್ಚಿಟ್ರೆ ಬೂಷ್ಟು ಹಿಡಿತದೆ. ಹಾಕಿ ತೆಗೆದ ಮೇಲೆ ಇನ್ನರ್ ಬೇರೆ ಮಾಡಿ, ಬೆರಳಿನೊಳಗೆ ಪೇಪರ್ ತುರುಕಿಸಿ, ಫ್ಯಾನ್ ಅಡಿಯಲ್ಲಿ ಬಿಡಿ. ಬೆಳಿಗ್ಗೆ ಪೇಪರ್ ಒದ್ದೆ ಇದ್ರೆ ಬದಲಿಸಿ.