ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಹೈಸ್ಕೂಲ್ ಮಕ್ಕಳ ಕಾಲೇಜು ಅರ್ಜಿ

ಊರಲ್ಲಾದರೆ ಪಿಯುಸಿ ಮುಗಿಸಿ, ಸಿಇಟಿ ರ‍್ಯಾಂಕ್ ಬಂದ ಮೇಲೆ ಸೀಟಿನ ಮಾತು. ಇಲ್ಲಿ 12ನೇ ತರಗತಿ ಶುರುವಾಗಿ ಎರಡು ಮೂರು ತಿಂಗಳಾಗುವಷ್ಟರಲ್ಲಿ ಮೊದಲ ಅರ್ಜಿಗಳು ಹೋಗಿಬಿಟ್ಟಿರುತ್ತವೆ. ಕಾಲೇಜಿನವರು ನೋಡುವುದು ಅದಕ್ಕೂ ಹಿಂದಿನ ವರ್ಷಗಳ ಗ್ರೇಡ್‌ಗಳನ್ನು. ಕೊನೇ ವರ್ಷ ಗಟ್ಟಿಯಾಗಿ ಓದಿದರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರಬಂಧ, ಕ್ಲಬ್ಬು, ಕೊನೆಯ ದಿನಾಂಕ ಇವನ್ನೆಲ್ಲ ಶಾಲೆಯ ಕೌನ್ಸೆಲರ್ ಹೇಳಿಕೊಡುತ್ತಾರೆ. ಆದರೆ ನಮ್ಮ ಮಾರ್ಕ್ಸ್ ಕಾರ್ಡು, ಹೆಸರಿನ ಇನಿಷಿಯಲ್, ವೀಸಾ ಈ ಮೂರರ ತೊಡಕು ಅವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅದನ್ನು ನೀವೇ ಮುಂಚಿತವಾಗಿ ಸರಿಮಾಡಿಕೊಳ್ಳಬೇಕು.

ಶಾಲೆಗೆ ಸೇರಿಸುವಾಗ

ಇಲ್ಲಿನ ಬಹುಪಾಲು ಶಾಲೆಗಳಲ್ಲಿ ಗಣಿತ ಒಂದೊಂದು ವರ್ಷಕ್ಕೆ ಒಂದೊಂದು: ಆಲ್ಜಿಬ್ರಾ 1, ಜಾಮೆಟ್ರಿ, ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್. ನಮ್ಮ ಪುಸ್ತಕಗಳಲ್ಲಿ ಬಹುಪದೋಕ್ತಿ, ರೇಖಾತ್ಮಕ ಸಮೀಕರಣ, ತ್ರಿಭುಜ, ವೃತ್ತ ಎಲ್ಲವೂ ಒಂದೇ ವರ್ಷದಲ್ಲಿ ಬೆರೆತು ಬರುತ್ತವೆ. ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ 'ಗಣಿತ' ಎಂದು ಒಂದೇ ಸಾಲು. ಅದನ್ನು ನೋಡಿ ಮಗುವನ್ನು ಮತ್ತೆ ಆಲ್ಜಿಬ್ರಾ 1ಕ್ಕೆ ಕೂರಿಸಿಬಿಡುವುದುಂಟು. 9ರಲ್ಲಿ ಆಲ್ಜಿಬ್ರಾ 1 ಎಂದರೆ 12ರಲ್ಲಿ ಪ್ರೀಕ್ಯಾಲ್ಕುಲಸ್‌ಗೇ ನಿಂತಂತೆ. ಎಂಜಿನಿಯರಿಂಗ್ ಕೇಳುವವರಿಗೆ ಇದು ದೊಡ್ಡ ಹಿನ್ನಡೆ. ದಾಖಲಾತಿಯ ದಿನವೇ ಪ್ಲೇಸ್‌ಮೆಂಟ್ ಟೆಸ್ಟ್ ಕೇಳಿ. ಹಿಂದಿನ ವರ್ಷದ ಇಂಗ್ಲಿಷ್ ಗಣಿತ ಪುಸ್ತಕದ ಪರಿವಿಡಿಯನ್ನು ಪ್ರಿಂಟ್ ಮಾಡಿ ಒಯ್ಯಿರಿ. ಸೆಮಿಸ್ಟರ್ ಶುರುವಾಗಿ ಕೆಲವು ವಾರ ಕಳೆದರೆ ತರಗತಿ ಬದಲಾಯಿಸಲು ಬಿಡುವುದಿಲ್ಲ.

9 ಅಥವಾ 10ನೇ ತರಗತಿ ಊರಿನಲ್ಲಿ ಮುಗಿಸಿದ್ದರೆ ಆ ಅಂಕಗಳೂ ಕಾಲೇಜಿಗೆ ಹೋಗಬೇಕು. ಟಿಸಿ ಒಂದೇ ಸಾಲದು. ಪ್ರತಿ ವರ್ಷದ ಅಂಕಪಟ್ಟಿಗೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿ, ಮೂರು ಪ್ರತಿ ಪ್ರತ್ಯೇಕ ಲಕೋಟೆಗಳಲ್ಲಿ ಸೀಲ್ ಮಾಡಿಸಿ ತನ್ನಿ. ಜೊತೆಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಗ್ರೇಡಿಂಗ್ ವಿವರ ಬರೆಸಿಕೊಳ್ಳುವುದನ್ನು ಮರೆಯಬೇಡಿ: ಎಷ್ಟಕ್ಕೆ ಪಾಸು, ಎಷ್ಟಕ್ಕೆ ಪ್ರಥಮ ದರ್ಜೆ, ಎಷ್ಟಕ್ಕೆ ಡಿಸ್ಟಿಂಕ್ಷನ್. ಇಲ್ಲಿ ಸಾಮಾನ್ಯವಾಗಿ 90ರ ಮೇಲೆ ಎ, 80ರ ಮೇಲೆ ಬಿ. ಆ ಕಾಗದ ಇಲ್ಲದಿದ್ದರೆ ನಮ್ಮ 78 ನೇರವಾಗಿ ಸಿ ಆಗಿಬಿಡುತ್ತದೆ. ಅರ್ಜಿಯಲ್ಲಿ ಮಾತ್ರ ನೀವೇ ಶೇಕಡಾವಾರನ್ನು 4.0 ಜಿಪಿಎಗೆ (ಇಲ್ಲಿನ ಗ್ರೇಡ್ ಸರಾಸರಿಗೆ) ತಿರುಗಿಸಲು ಹೋಗಬೇಡಿ. ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ ತುಂಬಿ.

ಹೆಸರು

ಮಾರ್ಕ್ಸ್ ಕಾರ್ಡಿನಲ್ಲಿ 'ಅನನ್ಯ ಎಚ್. ಆರ್.', ಪಾಸ್‌ಪೋರ್ಟಿನಲ್ಲಿ ಬರೀ 'ಅನನ್ಯ', ಇಲ್ಲಿನ ಶಾಲೆಯಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮಿಗೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಕೂರುತ್ತದೆ. ಇದರಿಂದಾಗುವ ತೊಂದರೆ ಸಣ್ಣದಲ್ಲ: ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯ ಅಂಕ ಒಂದು ಹೆಸರಲ್ಲಿ, ಶಾಲೆಯ ಅಂಕಪಟ್ಟಿ ಅಂದರೆ ಟ್ರಾನ್ಸ್‌ಕ್ರಿಪ್ಟ್ ಇನ್ನೊಂದರಲ್ಲಿ ಬಂದು ಕಾಲೇಜಿನ ಫೈಲಿಗೆ ಸೇರದೆ ಉಳಿಯುತ್ತವೆ, ಪೋರ್ಟಲ್‌ನಲ್ಲಿ 'ದಾಖಲೆ ಬಂದಿಲ್ಲ' ಎಂದೇ ತೋರಿಸುತ್ತಿರುತ್ತದೆ. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ 10ನೇ ತರಗತಿಯಲ್ಲೇ ತಿದ್ದಿಸಿ. ಆಮೇಲೆ ಶಾಲೆ, ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನ ಖಾತೆ, ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಎಲ್ಲ ಕಡೆ ಅದೇ ಹೆಸರು, ಅದೇ ಸ್ಪೆಲಿಂಗ್. ಕರೆಯುವ ಹೆಸರಿಗೂ ಹಳೆಯ ಹೆಸರಿಗೂ ಕಾಮನ್ ಆ್ಯಪ್‌ನಲ್ಲಿ ಬೇರೆ ಜಾಗವಿದೆ, ಅಲ್ಲಿ ಹಾಕಿ.

ವೀಸಾ

ಮಗು ಎಚ್-4ನಲ್ಲಿದ್ದರೆ (ಎಚ್-1 ಕೆಲಸದ ವೀಸಾದವರ ಮಕ್ಕಳಿಗೆ ಸಿಗುವ ವೀಸಾ) ಕಾಲೇಜಿಗೆ ಸೇರಲು ಅಡ್ಡಿಯಿಲ್ಲ. ಅಡ್ಡಿ ಬರುವುದು ದುಡ್ಡು, ಕೆಲಸ, ವಯಸ್ಸಿನ ವಿಷಯದಲ್ಲಿ.

ಕೇಂದ್ರ ಸರ್ಕಾರದ ನೆರವಿಗೆ ತುಂಬುವ ಫಾಫ್ಸಾ ಅರ್ಜಿ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ನಿರಾಶ್ರಿತರಂಥ ಕೆಲವರಿಗೆ ಮಾತ್ರ. ಎಚ್-4 ಮಕ್ಕಳಿಗೆ ಅದು ಸಿಗದು. ಇಲ್ಲೇ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು ಈಗ ವಾಪಸ್ ಬಂದ ಮಕ್ಕಳ ಕಥೆ ಬೇರೆ: ಅಪ್ಪ ಅಮ್ಮ ಎಚ್-1ನಲ್ಲಿದ್ದರೂ ಮಗು ಪ್ರಜೆ, ಆದ್ದರಿಂದ ಫಾಫ್ಸಾ ತುಂಬಬಹುದು. ನಮ್ಮಲ್ಲಿ ಎಷ್ಟೋ ಮಂದಿ ತಮಗೆ ಗ್ರೀನ್ ಕಾರ್ಡ್ ಇಲ್ಲವೆಂದು ಸುಮ್ಮನೆ ಬಿಟ್ಟುಬಿಡುತ್ತಾರೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಮಗು ಕಾಮನ್ ಆ್ಯಪ್‌ನಲ್ಲಿ ಆ ಜಾಗವನ್ನು ಖಾಲಿ ಬಿಡಬೇಕು. ತೆರಿಗೆಗೆಂದು ಕೊಡುವ ಐಟಿಐಎನ್ ನಂಬರನ್ನು ಅಲ್ಲಿ ಹಾಕುವುದು ತಪ್ಪು.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯದವರಿಗೆ ಒಂದು ಶುಲ್ಕ, ಹೊರಗಿನವರಿಗೆ ಅದರ ಎರಡು ಮೂರು ಪಟ್ಟು. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಸೇರಿ ಅನೇಕ ರಾಜ್ಯಗಳು ಎಚ್-4 ಮಕ್ಕಳನ್ನೂ ರಾಜ್ಯದವರೆಂದು ಒಪ್ಪುತ್ತವೆ, ಆದರೆ ಸಾಮಾನ್ಯವಾಗಿ ತರಗತಿ ಶುರುವಾಗುವ ಮುನ್ನ 12 ತಿಂಗಳು ಅಲ್ಲೇ ನೆಲೆಸಿದ್ದಕ್ಕೆ ಪುರಾವೆ ಬೇಕು: ಮನೆ ಬಾಡಿಗೆ ಕರಾರು, ರಾಜ್ಯದ ಡ್ರೈವಿಂಗ್ ಲೈಸೆನ್ಸ್, ತೆರಿಗೆ ಕಾಗದ, ಕರೆಂಟ್ ಬಿಲ್ಲು. ಮಗು 12ರಲ್ಲಿರುವಾಗ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋದರೆ ಎರಡೂ ಕಡೆ ಹೊರಗಿನವರಾಗುವ ಸಂಭವವಿದೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಈ ಲೆಕ್ಕ ಹಾಕಿ.

21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಹೆಚ್ಚಿನ ಮಕ್ಕಳಿಗೆ ಅದು ಕಾಲೇಜಿನ ಮೂರನೇ ವರ್ಷದ ಆಸುಪಾಸು. ಅಷ್ಟರೊಳಗೆ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕು: ಐ-539 ಅರ್ಜಿ ಇಲ್ಲಿಂದಲೇ ಹಾಕಬಹುದು, ಇಲ್ಲವೇ ಹೊರದೇಶದ ಕಾನ್ಸುಲೇಟಿನಲ್ಲಿ ವೀಸಾ ತರಬಹುದು. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಚ್-4ನಲ್ಲಿ ಕ್ಯಾಂಪಸ್ ಕೆಲಸ, ಸಂಬಳದ ಇಂಟರ್ನ್‌ಶಿಪ್ ಎರಡೂ ಇಲ್ಲ. ಎಫ್-1ನಲ್ಲಿ ಓದು ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ, ಜೊತೆಗೆ ಓದಿನ ವಿಷಯದಲ್ಲೇ ಕೆಲಸ ಮಾಡಲು ಬಿಡುವ ಸಿಪಿಟಿ (ಓದುವಾಗ), ಒಪಿಟಿ (ಹೆಚ್ಚಾಗಿ ಓದು ಮುಗಿದ ಮೇಲೆ) ಎಂಬ ಅನುಮತಿಗಳಿವೆ. ಹಾಗೆಂದು ಮೊದಲ ದಿನವೇ ಎಫ್-1 ತೆಗೆದುಕೊಂಡರೆ ರಾಜ್ಯದ ಶುಲ್ಕ ಕೈತಪ್ಪಬಹುದು. ಕಾಲೇಜಿನ ರೆಸಿಡೆನ್ಸಿ ಕಚೇರಿಗೆ ಇಮೇಲ್ ಬರೆದು, ಮಧ್ಯದಲ್ಲಿ ಎಫ್-1 ಆದರೆ ಶುಲ್ಕ ಏನಾಗುತ್ತದೆ ಎಂದು ಸೇರುವ ಮುನ್ನವೇ ಕೇಳಿ, ಉತ್ತರ ಲಿಖಿತವಾಗಿ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿದ್ದರೆ ವಕೀಲರ ಹತ್ತಿರ ಮಗುವಿನ ವಯಸ್ಸಿನ ಲೆಕ್ಕ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪ್ ಗುಂಪಿನ ಸಲಹೆ ಇದಕ್ಕಾಗದು.

ಪರೀಕ್ಷೆ, ದಿನಾಂಕ

11ನೇ ತರಗತಿಯ ಅಕ್ಟೋಬರ್‌ನಲ್ಲಿ ಎಸ್‌ಎಟಿಯ ಪೂರ್ವತಯಾರಿ ಪರೀಕ್ಷೆ ಪಿಎಸ್‌ಎಟಿ, ಅದೇ ವರ್ಷದ ವಸಂತದಲ್ಲಿ ಎಸ್‌ಎಟಿ, ಬೇಕಿದ್ದರೆ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಕ್ಯಾಲಿಫೋರ್ನಿಯಾದ ಯುಸಿಗಳು (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು) ಎಸ್‌ಎಟಿಯನ್ನು ನೋಡುವುದೇ ಇಲ್ಲ. ಎಂಐಟಿ, ಜಾರ್ಜಿಯಾ ಟೆಕ್‌ಗೆ ಅದು, ಇಲ್ಲವೇ ಅಂಥದ್ದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಬೇಕೇ ಬೇಕು. ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ, ಅದರಲ್ಲಿ 20 ಕಾಲೇಜಿನವರೆಗೆ ಸೇರಿಸಬಹುದು. ಅರ್ಲಿ ಅರ್ಜಿಗಳ ಗಡುವು ಹೆಚ್ಚಾಗಿ ನವೆಂಬರ್ 1 ಅಥವಾ 15, ಯುಸಿಗಳದ್ದು ನವೆಂಬರ್ ಕೊನೆ, ಉಳಿದವು ಜನವರಿಯ ಮೊದಲ ಎರಡು ವಾರ. ಅಂದರೆ ದಸರಾ, ದೀಪಾವಳಿ ಹೊತ್ತಿಗೆ ಮನೆಯಲ್ಲಿ ಇದೇ ಗಲಾಟೆ; ಊರಿನ ಪ್ರಯಾಣ ಆ ವರ್ಷ ಬೇಡ. ಅರ್ಲಿ ಡಿಸಿಷನ್ ಎಂದರೆ ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇವೆಂದು ಮಾತು ಕೊಟ್ಟಂತೆ, ನೀವೂ ಸಹಿ ಹಾಕುತ್ತೀರಿ. ಬೇರೆ ಕಾಲೇಜುಗಳ ನೆರವನ್ನು ಹೋಲಿಸಿ ನೋಡಬೇಕಾದ ಮನೆಯವರು ಅರ್ಲಿ ಆ್ಯಕ್ಷನ್ ಆರಿಸಲಿ, ಅದರಲ್ಲಿ ಕಟ್ಟುಪಾಡಿಲ್ಲ.

ಅರ್ಜಿಯ ಒಳಗೆ

ಚಟುವಟಿಕೆಗಳಿಗೆ 10 ಜಾಗ, ಪ್ರತಿಯೊಂದರ ವಿವರಣೆಗೆ ಖಾಲಿ ಜಾಗವೂ ಸೇರಿ 150 ಅಕ್ಷರ. 'ಕನ್ನಡ ಕೂಟದಲ್ಲಿ ಸ್ವಯಂಸೇವೆ' ಎಂದರೆ ಓದುವವರಿಗೆ ಏನೂ ತಿಳಿಯದು. 'ಭಾನುವಾರದ ಕನ್ನಡ ಶಾಲೆಯಲ್ಲಿ 12 ಮಕ್ಕಳಿಗೆ ಅಕ್ಷರಮಾಲೆ ಕಲಿಸಿದೆ. ಚಿತ್ರಪಟ ನಾನೇ ತಯಾರಿಸಿದೆ' ಎಂದರೆ ಕೆಲಸ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ನಮ್ಮವರು ಅದನ್ನು ಬರೆಯಲು ನಾಚುತ್ತಾರೆ. ಮುಖ್ಯ ಪ್ರಬಂಧಕ್ಕೆ 650 ಪದದ ಮಿತಿ. ಯುಸಿಗಳಿಗೆ ಅದು ಬೇಡ, ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದದೊಳಗೆ ಉತ್ತರ. ಡಬ್ಬಿಯ ಚಿತ್ರಾನ್ನ ಕಂಡು ಸಹಪಾಠಿಗಳು ಮೂಗು ಮುರಿದರೆಂಬ ಪ್ರಬಂಧ ದಯವಿಟ್ಟು ಬೇಡ. ಅದನ್ನು ಓದಿ ಓದಿ ಅವರಿಗೆ ಸಾಕಾಗಿದೆ.

ಶಿಫಾರಸು ಪತ್ರವನ್ನು 11ನೇ ತರಗತಿಯ ಶಿಕ್ಷಕರಿಬ್ಬರ ಹತ್ತಿರ ಬೇಸಿಗೆ ರಜೆಗೆ ಮುನ್ನವೇ ಕೇಳಬೇಕು, ಮಗುವೇ ಕೇಳಬೇಕು. ತಡವಾಗಿ ಬಂದ ಮಕ್ಕಳಿಗೆ ಊರಿನ ಶಿಕ್ಷಕರೊಬ್ಬರ ಪತ್ರ ಹೆಚ್ಚುವರಿಯಾಗಿ ಸೇರಿಸಲು ಎಷ್ಟೋ ಕಾಲೇಜುಗಳು ಅವಕಾಶ ಕೊಡುತ್ತವೆ. ಆ ಶಿಕ್ಷಕರಿಗೆ ಲಿಂಕ್ ಇಮೇಲ್‌ನಲ್ಲಿ ಬರುತ್ತದೆಂದು ಮೊದಲೇ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಸ್ಪ್ಯಾಮ್‌ನಲ್ಲೇ ಕೊಳೆಯುತ್ತದೆ.

ಕಂಪ್ಯೂಟರ್ ಸೈನ್ಸ್ ಬೇಕೆಂದರೆ ಮೊದಲೇ ಅದನ್ನೇ ಕೇಳಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯ, ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ ಕ್ಯಾಂಪಸ್‌ನಂಥ ಕಡೆ ಬೇರೆ ವಿಷಯಕ್ಕೆ ಸೇರಿ ಆಮೇಲೆ ಬದಲಿಸುವುದು ತೀರಾ ಕಷ್ಟ. ಖರ್ಚು ಹೆಚ್ಚೆನಿಸಿದರೆ ಕಮ್ಯುನಿಟಿ ಕಾಲೇಜಿಗೆ ಮೂಗು ಮುರಿಯಬೇಡಿ: ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಅಲ್ಲಿ ಓದಿದವರಿಗೆ ಡೇವಿಸ್, ಅರ್ವೈನ್ ಸೇರಿ ಆರು ಯುಸಿಗಳಿಗೆ ಖಾತ್ರಿ ವರ್ಗಾವಣೆಯ ಒಪ್ಪಂದವಿದೆ, ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಅದರಲ್ಲಿಲ್ಲ. ಕೆಲವು ವಿಷಯಗಳನ್ನು ಒಪ್ಪಂದದಿಂದ ಹೊರಗಿಟ್ಟಿದ್ದಾರೆ, ಅದನ್ನೂ ನೋಡಿಕೊಳ್ಳಿ.

ಸೀಟು ಸಿಕ್ಕ ಮೇಲೆ

ಎಲ್ಲಿಗೆಂದು ತೀರ್ಮಾನಿಸಲು ಸಾಮಾನ್ಯವಾಗಿ ಮೇ 1 ಕೊನೆ. 12ರ ಕೊನೆಯ ಗ್ರೇಡ್‌ಗಳೂ ಹೋಗುತ್ತವೆ. ಎ ಇದ್ದದ್ದು ಡಿ ಆದರೆ ಸೀಟು ವಾಪಸ್ ಪಡೆದ ಉದಾಹರಣೆಗಳಿವೆ. ಆಮೇಲೆ ಲಸಿಕೆಯ ದಾಖಲೆ ಕೇಳುತ್ತಾರೆ, ಅದು ಪೂರ್ತಿಯಾಗದೆ ತರಗತಿಗೆ ನೋಂದಣಿ ಬಿಡುವುದಿಲ್ಲ. ಊರಿನ ಲಸಿಕೆ ಪುಸ್ತಕದಲ್ಲಿ 05/08 ಎಂದರೆ ಆಗಸ್ಟ್ 5, ಇಲ್ಲಿನ ನರ್ಸ್ ಅದನ್ನು ಮೇ 8 ಎಂದು ಓದುತ್ತಾರೆ. ಡೋಸುಗಳ ನಡುವಿನ ಅಂತರ ತಪ್ಪಾಗಿ ಕಂಡು ಮತ್ತೆ ಚುಚ್ಚಿಸಿಕೊಳ್ಳಿ ಎಂದಾರು. ಇಲ್ಲಿನ ಮಕ್ಕಳ ಡಾಕ್ಟರ ಹತ್ತಿರ ತಿಂಗಳ ಹೆಸರು ಅಕ್ಷರದಲ್ಲಿ ಬರೆದ ಪಟ್ಟಿ ಮಾಡಿಸಿ, ಸಹಿ ಹಾಕಿಸಿ, ಅದನ್ನೇ ಅಪ್‌ಲೋಡ್ ಮಾಡಿ.