ಚಾವಣಿ ಸೋಲಾರ್: ಹಾಕಿದ ದುಡ್ಡು ವಾಪಸ್ ಬರುತ್ತದೆಯೇ? ಲೆಕ್ಕ ಹಾಕುವುದು ಹೀಗೆ

ಚಾವಣಿ ಮೇಲೆ ಸೋಲಾರ್ ಹಾಕಿಸಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದೇ ಪ್ಯಾನೆಲ್, ಅದೇ ಬಿಸಿಲು, ಅಷ್ಟೇ ಖರ್ಚು. ಆದರೂ ಒಬ್ಬರ ದುಡ್ಡು ಏಳು ವರ್ಷದೊಳಗೆ ಕೈಸೇರಿದರೆ, ಪಕ್ಕದ ಮನೆಯವರಿಗೆ ಹತ್ತು ವರ್ಷ ದಾಟಿದರೂ ಹಾಕಿದ್ದು ಹುಟ್ಟಿರುವುದಿಲ್ಲ. ಈ ವ್ಯತ್ಯಾಸದ ಗುಟ್ಟು ಕರೆಂಟ್ ಬಿಲ್ಲಿನಲ್ಲಿದೆ. ಹಾಗಾಗಿ ಏಜೆಂಟರನ್ನು ಮನೆಗೆ ಕರೆಸುವ ಮುನ್ನ ಒಂದು ಪೆನ್ನು, ಕಾಗದ ಹಿಡಿದು ಕೂರಿ.

ಮೊದಲು ಬಿಲ್ ಓದಿ

ಹಿಂದಿನ 12 ತಿಂಗಳ ಬಿಲ್ಲುಗಳು ಬೇಕು. ಒಂದೆರಡು ತಿಂಗಳದ್ದು ಸಾಲದು. ಬೇಸಿಗೆಯ ಎಸಿ, ಚಳಿಗಾಲದ ಹೀಟರ್ ಎರಡೂ ಲೆಕ್ಕಕ್ಕೆ ಸಿಗಬೇಕು. ಪ್ರತಿ ಬಿಲ್ಲಿನಿಂದ ಬಳಸಿದ ಯೂನಿಟ್, ನಿಗದಿತ ಶುಲ್ಕ ಮತ್ತು ಕೊನೆಯ ಯೂನಿಟ್ಟಿಗೆ ಬಿದ್ದ ದರ, ಈ ಮೂರನ್ನು ಬರೆದುಕೊಳ್ಳಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ ಬಂದದ್ದೇ ತಮ್ಮ ದರ ಎಂದುಕೊಳ್ಳುವುದು. ಆ ಮೊತ್ತದಲ್ಲಿ ನಿಗದಿತ ಶುಲ್ಕವೂ ಸೇರಿರುತ್ತದೆ. ಸೋಲಾರ್ ಹಾಕಿಸಿದ ಮೇಲೂ ಅದನ್ನು ಕಟ್ಟಲೇಬೇಕು, ಆದ್ದರಿಂದ ಉಳಿತಾಯದ ಲೆಕ್ಕದಿಂದ ಅದನ್ನು ತೆಗೆದುಹಾಕಿ. ಬಳಕೆ ಏರಿದಂತೆ ದರ ಏರುವ ಸ್ಲ್ಯಾಬ್ ಪದ್ಧತಿ ಇದ್ದಲ್ಲಿ ಸೋಲಾರ್ ಮೊದಲು ಕಡಿಯುವುದು ಮೇಲಿನ, ಅಂದರೆ ಅತಿ ದುಬಾರಿ ಯೂನಿಟ್ಟುಗಳನ್ನು. ಮೊದಲ ಒಂದು ಕಿಲೋವಾಟ್ ಉಳಿಸಿಕೊಡುವಷ್ಟು ಹಣವನ್ನು ಮೂರನೆಯ ಕಿಲೋವಾಟ್ ಉಳಿಸುವುದಿಲ್ಲ. ಬಳಕೆ ಕಡಿಮೆಯಿದ್ದು ಅಗ್ಗದ ಸ್ಲ್ಯಾಬಿನಲ್ಲೇ ಬಿಲ್ ಮುಗಿಯುವ ಮನೆಗೆ ಸೋಲಾರ್ ಹೂಡಿಕೆಯಾಗಿ ಗಿಟ್ಟುವುದು ಕಷ್ಟ. ಅಂಥವರು ಹಳೆಯ ಫ್ರಿಜ್ ಬದಲಿಸಿದರೆ ಇನ್ನೂ ಬೇಗ ಲಾಭ ಕಂಡಾರು.

ಚಾವಣಿ ಎಷ್ಟು ಕೊಟ್ಟೀತು?

ಒಂದು ಕಿಲೋವಾಟ್ ಪ್ಯಾನೆಲ್ ಮೋಡ ಹೆಚ್ಚಿರುವ ತಂಪು ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 900ರಿಂದ 1000 ಯೂನಿಟ್, ಒಳ್ಳೆಯ ಬಿಸಿಲಿನ ಪ್ರದೇಶದಲ್ಲಿ 1400ರಿಂದ 1600 ಯೂನಿಟ್ ಕೊಡುತ್ತದೆ. ನಿಮ್ಮ ಜಾಗದ ಅಂದಾಜನ್ನು ವಿಶ್ವಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್, ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಅಥವಾ ಅಮೆರಿಕದ ಪಿವಿವಾಟ್ಸ್ ತಾಣದಲ್ಲಿ ಉಚಿತವಾಗಿ ನೋಡಬಹುದು. ಮಾರಾಟಗಾರರು ಹೇಳುವ ಸಂಖ್ಯೆ ಇದಕ್ಕಿಂತ ಬಹಳ ಮೇಲಿದ್ದರೆ, ಯಾವ ಲೆಕ್ಕದಲ್ಲಿ ಎಂದು ಕೇಳಿ.

ಪ್ಯಾನೆಲ್ ಹಿಂದಿನ ಚೀಟಿಯಲ್ಲಿರುವ ವಾಟ್ ಪ್ರಯೋಗಾಲಯದ ಲೆಕ್ಕ: ಚದರ ಮೀಟರಿಗೆ 1000 ವಾಟ್ ಬಿಸಿಲು, ಸೆಲ್ಲಿನ ಉಷ್ಣಾಂಶ 25 ಡಿಗ್ರಿ. ಸುಡುಬಿಸಿಲಿನಲ್ಲಿ ಚಾವಣಿ ಮೇಲಿನ ಪ್ಯಾನೆಲ್ 65 ಡಿಗ್ರಿಗೆ ಕಾಯುವುದು ಮಾಮೂಲು. ಪ್ರತಿ ಡಿಗ್ರಿ ಏರಿಕೆಗೆ ಶೇ 0.35ರಷ್ಟು ಇಳಿಯುವ ಪ್ಯಾನೆಲ್ಲಾದರೆ 40 ಡಿಗ್ರಿಗೆ ಶೇ 14 ಖೋತಾ. ಅದಕ್ಕೇ ಪ್ಯಾನೆಲ್ಲಿನ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ತಗಡಿಗೆ ಅಂಟಿದಂತೆ ಕೂರಿಸಬಾರದು.

ಬಿಸಿಗಿಂತ ದೊಡ್ಡ ಶತ್ರು ನೆರಳು. ಸಾಮಾನ್ಯ ಜೋಡಣೆಯಲ್ಲಿ ಪ್ಯಾನೆಲ್ಲುಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಸರಣಿಯಲ್ಲಿ ಕಟ್ಟಿರುತ್ತಾರೆ. ಸರಣಿಯುದ್ದಕ್ಕೂ ಹರಿಯುವ ಕರೆಂಟ್ ಒಂದೇ. ಒಂದು ಪ್ಯಾನೆಲ್ಲಿನೊಳಗೆ ಸೆಲ್ಲುಗಳು ಸಾಮಾನ್ಯವಾಗಿ ಮೂರು ಗುಂಪಾಗಿದ್ದು, ಪ್ರತಿ ಗುಂಪಿಗೆ ಒಂದು ಬೈಪಾಸ್ ಡಯೋಡ್ ಇರುತ್ತದೆ. ನೀರಿನ ಟ್ಯಾಂಕಿನ ನೆರಳು ಒಂದು ಮೂಲೆಯ ನಾಲ್ಕಾರು ಸೆಲ್ಲಿಗೆ ಬಿದ್ದರೂ ಆ ಇಡೀ ಗುಂಪನ್ನು ಬಿಟ್ಟು ಕರೆಂಟ್ ಬಳಸುದಾರಿ ಹಿಡಿಯುತ್ತದೆ, ಪ್ಯಾನೆಲ್ಲಿನ ಮೂರನೇ ಒಂದು ಭಾಗ ಅಷ್ಟು ಹೊತ್ತು ಸುಮ್ಮನೆ ಕೂರುತ್ತದೆ. ನೆರಳು ಪ್ಯಾನೆಲ್ಲಿಂದ ಪ್ಯಾನೆಲ್ಲಿಗೆ ಜರುಗುವ ಚಾವಣಿಯಾದರೆ ಪ್ರತಿ ಪ್ಯಾನೆಲ್ಲನ್ನೂ ಬೇರೆಯಾಗಿ ದುಡಿಸುವ ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಸರಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. ಬಯಲು ಚಾವಣಿಗೆ ಅದು ದಂಡ. ಸೂರ್ಯ ಅತಿ ಕೆಳಗೆ ಸಾಗುವ ಚಳಿಗಾಲದ ನಡುವಿನಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12, ಮೂರು ಗಂಟೆಗೆ ಚಾವಣಿಯ ಫೋಟೊ ತೆಗೆದಿಡಿ. ಆ ಮೂರರಲ್ಲೂ ನೆರಳಿಲ್ಲದ ಜಾಗವೇ ನಿಮ್ಮ ನಿಜವಾದ ಜಾಗ.

ಸಮತಟ್ಟು ಚಾವಣಿಯಲ್ಲಿ ಓಡಾಡಲು ದಾರಿ ಬಿಟ್ಟು ಕಿಲೋವಾಟಿಗೆ 8ರಿಂದ 10 ಚದರ ಮೀಟರ್ ಹಿಡಿಯಿರಿ. ಉತ್ತರಾರ್ಧ ಗೋಳದಲ್ಲಿ ಮುಖ ದಕ್ಷಿಣಕ್ಕೆ, ದಕ್ಷಿಣಾರ್ಧದಲ್ಲಿ ಉತ್ತರಕ್ಕೆ, ಓರೆ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟು. ಚಾವಣಿಗೆ ಐದಾರು ವರ್ಷದಲ್ಲಿ ರಿಪೇರಿ ಬರುವಂತಿದ್ದರೆ ಅದನ್ನು ಮೊದಲು ಮುಗಿಸಿ. ಪ್ಯಾನೆಲ್ ಇಳಿಸಿ ಮತ್ತೆ ಏರಿಸುವ ಕೂಲಿ ಉಳಿತಾಯವನ್ನು ನುಂಗಿಬಿಡುತ್ತದೆ.

ಹಗಲಿನ ಬಳಕೆ ಎಷ್ಟು?

ಇದನ್ನು ಯಾರೂ ಅಳೆಯುವುದಿಲ್ಲ, ಆದರೆ ತೀರ್ಮಾನ ನಿಂತಿರುವುದು ಇದರ ಮೇಲೆ. ಒಂದು ವಾರ ದಿನವೂ ಬೆಳಿಗ್ಗೆ 9ಕ್ಕೆ, ಸಂಜೆ 4ಕ್ಕೆ ಮೀಟರ್ ಓದಿ ಬರೆದಿಡಿ. ನಡುವೆ ಓಡಿದ ಯೂನಿಟ್ಟೇ ಸೋಲಾರ್ ನೇರವಾಗಿ ಪೂರೈಸಬಲ್ಲ ಬಳಕೆ. ಎಲ್ಲರೂ ಕೆಲಸಕ್ಕೆ ಹೋಗಿ ಬೀಗ ಬೀಳುವ ಮನೆಯಲ್ಲಿ ಇದು ಬಹಳ ಕಡಿಮೆ. ವಾಷಿಂಗ್ ಮೆಷಿನ್, ಪಂಪ್, ಗೀಸರನ್ನು ಟೈಮರ್ ಹಾಕಿ ಮಧ್ಯಾಹ್ನಕ್ಕೆ ತಳ್ಳಿದರೆ ಒಂದು ಪೈಸೆ ಹೂಡಿಕೆಯಿಲ್ಲದೆ ಈ ಸಂಖ್ಯೆ ಏರುತ್ತದೆ.

ಮಿಕ್ಕಿದ ಕರೆಂಟ್ ಗ್ರಿಡ್ಡಿಗೆ, ಅಂದರೆ ಸರಬರಾಜು ಸಂಸ್ಥೆಯ ವಿದ್ಯುತ್ ಜಾಲಕ್ಕೆ ಹೋಗುತ್ತದೆ. ಕೊಟ್ಟ ಯೂನಿಟ್ಟಿಗೆ ಬದಲಾಗಿ ಅಷ್ಟೇ ಯೂನಿಟ್ ಬಿಲ್ಲಿನಲ್ಲಿ ವಜಾ ಆಗುತ್ತದೆಯೋ (ಇದೇ ನೆಟ್ ಮೀಟರಿಂಗ್), ಇಲ್ಲ ಕೊಳ್ಳುವ ದರಕ್ಕಿಂತ ಕಡಿಮೆ ದರ ಕಟ್ಟಿ ಕೊಡುತ್ತಾರೋ ಎಂದು ವಿದ್ಯುತ್ ಸರಬರಾಜು ಸಂಸ್ಥೆಯಲ್ಲೇ ವಿಚಾರಿಸಿ. ಜಮೆಯಾದ ಯೂನಿಟ್ ಎಷ್ಟು ತಿಂಗಳಿಗೆ ರದ್ದಾಗುತ್ತದೆ, ಒಪ್ಪಂದ ಎಷ್ಟು ವರ್ಷದ್ದು ಎಂಬುದನ್ನೂ ಕೇಳಲು ಮರೆಯಬೇಡಿ.

ಯೂನಿಟ್ಟಿನಲ್ಲೇ ಲೆಕ್ಕ ಹಾಕಿ

ಕೊಟೇಶನ್ನಿನ ಮೊತ್ತದಿಂದ ಖಚಿತವಾಗಿ ಸಿಗುವ ಸಬ್ಸಿಡಿ ಕಳೆಯಿರಿ. ಉಳಿದದ್ದನ್ನು ನಿಮ್ಮ ಯೂನಿಟ್ ದರದಿಂದ ಭಾಗಿಸಿ. ಸೋಲಾರ್ ನಿಮ್ಮ ಒಂದಕ್ಕಿಂತ ಹೆಚ್ಚು ಸ್ಲ್ಯಾಬುಗಳನ್ನು ಕಡಿಯುವುದಾದರೆ ಆ ಸ್ಲ್ಯಾಬುಗಳ ಸರಾಸರಿ ದರ ಹಿಡಿಯಿರಿ. ಬಂದದ್ದು 24,000 ಎಂದಿಟ್ಟುಕೊಳ್ಳಿ. ಅಂದರೆ ನಿಮ್ಮ ಸೋಲಾರ್ ಘಟಕದ ಬೆಲೆ 24,000 ಯೂನಿಟ್ ಕರೆಂಟಿನ ಬೆಲೆಗೆ ಸಮ. ಅದು ವರ್ಷಕ್ಕೆ 4,000 ಯೂನಿಟ್ ಉತ್ಪಾದಿಸುತ್ತದೆ, ಶೇ 60 ಮನೆಗೇ ಬಳಕೆಯಾಗುತ್ತದೆ, ಮಿಕ್ಕಿದ್ದಕ್ಕೆ ಗ್ರಿಡ್ ಕೊಡುವುದು ನಿಮ್ಮ ದರದ ಶೇ 40 ಮಾತ್ರ ಎನ್ನೋಣ. ಬಳಸಿದ್ದು 2,400. ಗ್ರಿಡ್ಡಿಗೆ ಕೊಟ್ಟ 1,600ರ ಬೆಲೆ 640. ತೊಳೆಯುವುದು, ತಪಾಸಣೆಗೆಂದು 100 ಯೂನಿಟ್ ಬೆಲೆ ಕಳೆದರೆ ವರ್ಷದ ಗಳಿಕೆ 2,940. ಭಾಗಿಸಿದರೆ ಎಂಟು ವರ್ಷ ಎರಡು ತಿಂಗಳು.

ಈಗ ಹಗಲಿನ ಬಳಕೆಯನ್ನು ಮಾತ್ರ ಬದಲಿಸಿ ನೋಡಿ. ಶೇ 30ಕ್ಕೆ ಇಳಿದರೆ ವರ್ಷದ ಗಳಿಕೆ 2,220, ಹಣ ಹುಟ್ಟಲು ಹತ್ತಿರ ಹತ್ತಿರ 11 ವರ್ಷ. ಶೇ 90ಕ್ಕೆ ಏರಿದರೆ ಆರೂವರೆ ವರ್ಷ.

ಇಷ್ಟಕ್ಕೆ ನಿಲ್ಲಿಸಿದರೆ ಲೆಕ್ಕ ಅರೆಬರೆ. ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರಿನ ಆಯಸ್ಸು 10ರಿಂದ 15 ವರ್ಷ, ಪ್ಯಾನೆಲ್ಲಿನದು 25ಕ್ಕೂ ಮೇಲೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕು. ಪ್ಯಾನೆಲ್ಲೂ ವರ್ಷಕ್ಕೆ ಸುಮಾರು ಶೇ 0.5 ಸೊರಗುತ್ತದೆ. ಮೇಲಿನ ಉದಾಹರಣೆಯಲ್ಲಿ 12ನೇ ವರ್ಷ ಇನ್ವರ್ಟರಿಗೆ 3,000 ಯೂನಿಟ್ ಬೆಲೆ ತೆತ್ತು, ಈ ಇಳಿಕೆಯನ್ನೂ ಸೇರಿಸಿದರೆ 25 ವರ್ಷಕ್ಕೆ ಸಿಗುವ ನಿಜ ಬಡ್ಡಿ ಸುಮಾರು ಶೇ 10. ಯೂನಿಟ್ ದರ ಏರದೆ ಹಾಗೇ ಇದ್ದರೆ ಬರುವ ಸಂಖ್ಯೆ ಇದು. ಏಜೆಂಟರು ಮೊದಲ ವರ್ಷದ ಗಳಿಕೆಯನ್ನು ಖರ್ಚಿನಿಂದ ಭಾಗಿಸಿ ಶೇ 12 ಎನ್ನುತ್ತಾರೆ. ಠೇವಣಿಯಲ್ಲಿ ಕೊನೆಗೆ ಅಸಲು ವಾಪಸ್ ಬರುತ್ತದೆ, ಇಲ್ಲಿ ಉಳಿಯುವುದು ಹಳೆಯ ಗಾಜು. ಸಾಲದ ಬಡ್ಡಿ ಆ ಶೇ 10ಕ್ಕಿಂತ ಹೆಚ್ಚಿದ್ದರೆ ಸಾಲ ಮಾಡಿ ಹಾಕಿಸಬೇಡಿ. ಕೆಲವೇ ವರ್ಷದಲ್ಲಿ ಮನೆ ಮಾರುವ ಯೋಚನೆ ಇದ್ದವರೂ ಅಷ್ಟೇ.

ಬ್ಯಾಟರಿ ಬೇಕೇ?

ಅದನ್ನು ಬೇರೆಯೇ ಹೂಡಿಕೆಯಾಗಿ ಅಳೆಯಿರಿ. ಗ್ರಿಡ್ಡಿಗೆ ಹೋಗುವ 5 ಯೂನಿಟ್ ಹಿಡಿದಿಟ್ಟರೆ ಶೇ 10 ನಷ್ಟವಾಗಿ ಕೈಗೆ ಸಿಗುವುದು 4.5. ಮಾರಿದ್ದರೆ ಶೇ 40 ದರದಲ್ಲಿ 2 ಯೂನಿಟ್ ಬೆಲೆ ಬರುತ್ತಿತ್ತು. ನಿವ್ವಳ ಲಾಭ ದಿನಕ್ಕೆ 2.5, ವರ್ಷಕ್ಕೆ 300 ದಿನ ಹಿಡಿದರೆ 750. ಹತ್ತು ವರ್ಷದ ವಾರಂಟಿಯೊಳಗೆ ದುಡ್ಡು ಹುಟ್ಟಬೇಕೆಂದರೆ ಬ್ಯಾಟರಿಯ ಬೆಲೆ 7,500 ಯೂನಿಟ್ ಮೀರಬಾರದು. ಸರಿಸಮ ನೆಟ್ ಮೀಟರಿಂಗ್ ಇದ್ದಲ್ಲಂತೂ ಬ್ಯಾಟರಿಯಿಂದ ದಿನಕ್ಕೆ ಅರ್ಧ ಯೂನಿಟ್ ನಷ್ಟ. ಆದರೆ ಕರೆಂಟ್ ಹೋದಾಗ ದೀಪ ಉರಿಯಬೇಕೆಂದರೆ ಬೇರೆ ಮಾತು. ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕೆ ಅಪಾಯವಾಗದಂತೆ ಸಾಮಾನ್ಯ ಗ್ರಿಡ್ ಇನ್ವರ್ಟರ್ ಸರಬರಾಜು ನಿಂತ ಕೂಡಲೇ ತಾನೂ ನಿಲ್ಲುತ್ತದೆ, ನೆತ್ತಿಯ ಮೇಲೆ ಬಿಸಿಲಿದ್ದರೂ.

ಕೊಟೇಶನ್ನಿನಲ್ಲಿ ಏನಿರಬೇಕು

ಕನಿಷ್ಠ ಮೂರು ಕಡೆಯಿಂದ ತರಿಸಿ, ಒಟ್ಟು ಮೊತ್ತ ಬಿಟ್ಟು ವಾಟಿಗೆಷ್ಟು ಎಂದು ಹೋಲಿಸಿ. ಪ್ಯಾನೆಲ್ ಮತ್ತು ಇನ್ವರ್ಟರಿನ ಮಾಡೆಲ್ ಸಂಖ್ಯೆ, ಸ್ಟ್ಯಾಂಡಿನ ಲೋಹ, ಅರ್ಥಿಂಗ್, ಸರ್ಜ್ (ದಿಢೀರ್ ವೋಲ್ಟೇಜ್ ಏರಿಕೆ) ರಕ್ಷಣೆ, ಮೀಟರ್ ಬದಲಾವಣೆಯ ಶುಲ್ಕ, ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂದಾಜು ಬರಹದಲ್ಲಿರಲಿ. ವಾರಂಟಿ ಎರಡು ಬಗೆ: 25 ವರ್ಷ ಎಂದು ದೊಡ್ಡಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಉತ್ಪಾದನೆ ಇಂತಿಷ್ಟಕ್ಕಿಂತ ಇಳಿಯದು ಎಂಬ ಮಾತಿಗೆ, ಪ್ಯಾನೆಲ್ ಕೆಟ್ಟರೆ ಬದಲಿಸಿ ಕೊಡುವ ವಾರಂಟಿ ಎಷ್ಟೋ ಸಲ ಇದಕ್ಕಿಂತ ಚಿಕ್ಕದು. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರಿನ ಗಂಡು-ಹೆಣ್ಣು ಎರಡೂ ಒಂದೇ ತಯಾರಕರದ್ದಾಗಿರಲಿ ಎಂದೂ ಸೇರಿಸಿ. ನೋಡಲು ಹೊಂದಿಕೊಂಡಂತೆ ಕಂಡರೂ ಬೇರೆ ಬೇರೆ ತಯಾರಿಕೆಯವು ಒಳಗೆ ಸಡಿಲವಾಗಿ ಕೂತು ಕಾಯುತ್ತವೆ, ಕರಗುತ್ತವೆ. ಚಾವಣಿ ಸೋಲಾರಿನಲ್ಲಿ ಬೆಂಕಿ ಹತ್ತಲು ಇದೂ ಒಂದು ಕಾರಣ. ಕೊನೆಯ ಕಂತನ್ನು ಹೊಸ ಮೀಟರ್ ಕೂತು, ಮೊದಲ ಬಿಲ್ಲಿನಲ್ಲಿ ಗ್ರಿಡ್ಡಿಗೆ ಕೊಟ್ಟ ಯೂನಿಟ್ ಕಾಣಿಸಿಕೊಂಡ ಮೇಲೆ ಕೊಡುವಂತೆ ಒಪ್ಪಂದ ಮಾಡಿಕೊಳ್ಳಿ.