ಸೌದೆ ಕೊಯ್ಯೋಕೆ ಮಾಡಿಫೈಡ್ ಚೈನ್‌ಸಾ ಬೇಕಾ, ಸ್ಟಾಕ್ ಸಾಕಾ? ನೀವೇ ಹೋಲಿಸಿ ನೋಡೋ ವಿಧಾನ

ಪೋರ್ಟಿಂಗ್ ಮಾಡಿಸಿದ, ಅಂದ್ರೆ ಪವರ್ ಜಾಸ್ತಿ ಬರಲಿ ಅಂತ ಎಂಜಿನ್ ಒಳಗಿನ ಕಿಂಡಿಗಳನ್ನ ಕೊರೆಸಿದ ಚೈನ್‌ಸಾದಲ್ಲಿ ಒಂದ್ಸಲ ದಪ್ಪ ದಿಮ್ಮಿ ಕೊಯ್ದವರಿಗೆ ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇರೋ ಮೆಷಿನ್ ಸಪ್ಪೆ ಅನ್ಸುತ್ತೆ, ಅದರಲ್ಲಿ ತಪ್ಪೇನಿಲ್ಲ, ನಿಜವಾಗ್ಲೂ ವ್ಯತ್ಯಾಸ ಇದೆ. ಆದ್ರೆ ಸೌಂಡ್ ಜಾಸ್ತಿ ಬಂದ ತಕ್ಷಣ ನಮ್ಮ ಕಿವಿ ಅದನ್ನೇ ಪವರ್ ಅಂದ್ಕೊಂಡ್ಬಿಡುತ್ತೆ, ಹಾಗಾಗಿ ಕೈಗೆ ಅನ್ಸಿದ್ದನ್ನ ನಂಬೋ ಮೊದ್ಲು ಸ್ಟಾಪ್‌ವಾಚ್ ಇಟ್ಟು ಅಳೀರಿ. ನಾನು ಎರಡೂ ಥರದ ಮೆಷಿನ್ ಇಟ್ಕೊಂಡು ವರ್ಷಗಟ್ಟಲೆ ಸೌದೆ ಕೊಯ್ದಿದೀನಿ, ನನಗೆ ಅರ್ಥ ಆಗಿದ್ದು ಇಷ್ಟು: ಇಬ್ಬರ ಕೈಯಲ್ಲಿರೋ ಮೆಷಿನ್‌ಗಳ ಮಧ್ಯೆ ಕಾಣೋ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಚೈನ್‌ದು, ಎಂಜಿನ್‌ದಲ್ಲ. ಆ ಪಾಲನ್ನ ಬೇರೆ ಮಾಡಿ ಇಟ್ಟ ಮೇಲೆ ಉಳಿಯೋದು ಎಷ್ಟು ಅಂತ ನೋಡಿ, ಆಮೇಲೆ ದುಡ್ಡು ಹಾಕೋದೋ ಬೇಡವೋ ಯೋಚನೆ ಮಾಡಿ.

ಮೊದ್ಲು ಮಾಡಿಫೈ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ, ಯಾಕಂದ್ರೆ ಎಲ್ಲದಕ್ಕೂ ಜನ ಒಂದೇ ಪದ ಬಳಸ್ತಾರೆ. ತುಂಬಾ ಸುಲಭದ್ದು ಸೈಲೆನ್ಸರ್ ಓಪನ್ ಮಾಡೋದು, ಅಂದ್ರೆ ಹೊಗೆ ಹೋಗೋ ಬಾಯಿ ದೊಡ್ಡದು ಮಾಡೋದು ಇಲ್ಲ ಒಳಗಿರೋ ಅಡ್ಡ ತಗಡು ತೆಗೆಯೋದು, ಆಮೇಲೆ ಅದಕ್ಕೆ ಸರಿಯಾಗಿ ಕಾರ್ಬೋರೇಟರ್ ಟ್ಯೂನ್ ಮಾಡೋದು. ಇನ್ನೊಂದು ಹೆಜ್ಜೆ ಮುಂದೆ ಹೋದ್ರೆ ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದು ಸಿಲಿಂಡರ್‌ನ ಸ್ವಲ್ಪ ಕೆಳಗೆ ಕೂರಿಸಿ ಕಂಪ್ರೆಷನ್ ಏರಿಸ್ತಾರೆ, ಆಗ ಪಿಸ್ಟನ್ ತಲೆಗೂ ಸಿಲಿಂಡರ್ ಮೇಲ್ಭಾಗಕ್ಕೂ ಮಧ್ಯೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಜಾಗ ಉಳಿಸಿಕೊಳ್ತಾರೆ, ಅದಕ್ಕಿಂತ ತೀರಾ ಕಮ್ಮಿ ಆದ್ರೆ ಫುಲ್ ಸ್ಪೀಡ್‌ನಲ್ಲಿ ಪಿಸ್ಟನ್ ಹೋಗಿ ತಗಲೋ ಅಪಾಯ. ಕೊನೇದು ಫುಲ್ ಪೋರ್ಟಿಂಗ್. ಇಂಟೇಕ್, ಎಕ್ಸಾಸ್ಟ್, ಟ್ರಾನ್ಸ್‌ಫರ್ ಪೋರ್ಟ್‌ಗಳನ್ನ, ಅಂದ್ರೆ ಗಾಳಿ ಪೆಟ್ರೋಲ್ ಒಳಗೆ ಬರೋ, ಹೊಗೆ ಹೊರಗೆ ಹೋಗೋ ಸಿಲಿಂಡರ್ ಕಿಂಡಿಗಳನ್ನ ಗ್ರೈಂಡ್ ಮಾಡಿ ಅವು ತೆರೆಯೋ ಮುಚ್ಚೋ ಟೈಮಿಂಗೇ ಬದಲಾಯಿಸೋದು, ಕೆಲವರು ಫ್ಲೈವೀಲ್ ಕೀ ಅರ ಹಾಕಿ ಇಗ್ನಿಷನ್, ಅಂದ್ರೆ ಪ್ಲಗ್ ಕಿಡಿ ಹಾರೋ ಹೊತ್ತನ್ನೂ ಸ್ವಲ್ಪ ಮುಂಚೆಗೆ ತರ್ತಾರೆ. ಇದು ಗೊತ್ತಿದ್ದವರೇ ಮಾಡಬೇಕಾದ ಕೆಲಸ, ಒಂದ್ಸಲ ಜಾಸ್ತಿ ಕೊರೆದ ಪೋರ್ಟ್‌ನ ವಾಪಸ್ ತುಂಬೋಕೆ ಆಗಲ್ಲ.

ಈಗ ಹೋಲಿಕೆಗೆ ಬರೋಣ. ಸ್ಟಾಕ್ ಮೆಷಿನ್ ಆರೋಗ್ಯವಾಗಿದೆಯಾ ಅನ್ನೋದನ್ನ ಫಸ್ಟ್ ನೋಡಿ. ಸೈಲೆನ್ಸರ್ ಬಾಯಲ್ಲಿ ಕಿಡಿ ತಡೆಯೋಕೆ ಒಂದು ಸಣ್ಣ ಜಾಲರಿ ಇರುತ್ತೆ, ಅದು ಕಾರ್ಬನ್ ಹಿಡಿದು ಅರ್ಧ ಮುಚ್ಚಿಹೋಗಿದ್ರೆ ಮೆಷಿನ್ ಉಸಿರುಕಟ್ಟಿದ ಹಾಗೆ ಓಡುತ್ತೆ, ಏರ್ ಫಿಲ್ಟರ್ ಪುಡಿ ತುಂಬಿಕೊಂಡಿದ್ರೂ ಅಷ್ಟೇ. ಎಷ್ಟೋ ಸಲ ಮಾಡಿಫೈ ಮಾಡಿಸಿದ ಮೇಲೆ ಬಂತು ಅನ್ನೋ ಪವರ್ ಅಸಲಿಗೆ ಆ ಜಾಲರಿ ತೆಗೆದು ಕ್ಲೀನ್ ಮಾಡಿದ್ದಕ್ಕೆ ಬಂದಿರುತ್ತೆ. ಮೆಷಿನ್ ಹೊಸದಾಗಿದ್ರೆ ಇನ್ನೂ ಬಿಗಿ ಇರುತ್ತೆ, ರಿಂಗ್ ಸಿಲಿಂಡರ್‌ಗೆ ಹೊಂದಿಕೊಳ್ಳೋಕೆ ಒಂದಷ್ಟು ಟ್ಯಾಂಕ್ ಓಡಬೇಕು, ಹೊಸ ಸ್ಟಾಕ್ ಮೆಷಿನ್‌ನ ಚೆನ್ನಾಗಿ ಪಳಗಿದ ಪೋರ್ಟೆಡ್ ಮೆಷಿನ್ ಜೊತೆ ನಿಲ್ಲಿಸಿದ್ರೆ ಅದು ನ್ಯಾಯ ಅಲ್ಲ.

ಆಮೇಲೆ ಚೈನ್. ಎರಡೂ ಮೆಷಿನ್‌ಗೆ ಒಂದೇ ಉದ್ದದ ಬಾರ್ (ಚೈನ್ ಸುತ್ತೋ ಪಟ್ಟಿ), ಒಂದೇ ಪಿಚ್ಚು (ಚೈನ್ ಕೊಂಡಿಗಳ ಅಂತರ), ಒಂದೇ ಗೇಜು (ಬಾರ್ ಗಾಡಿಯಲ್ಲಿ ಕೂರೋ ಕೊಂಡಿಯ ದಪ್ಪ), ಒಂದೇ ಥರದ ಹಲ್ಲು ಇರ್ಬೇಕು. ಫುಲ್ ಚಿಸೆಲ್, ಅಂದ್ರೆ ಚೂಪು ಮೂಲೆಯ ಹಲ್ಲಿನ ಚೈನ್ ಚೊಕ್ಕ ಮರದಲ್ಲಿ ದುಂಡು ಮೂಲೆಯ ಸೆಮಿ ಚಿಸೆಲ್‌ಗಿಂತ ಬೇಗ ಕೊಯ್ಯುತ್ತೆ ಆದ್ರೆ ಮಣ್ಣು ಮೆತ್ತಿದ ತೊಗಟೆಗೆ ತಗುಲಿದ್ರೆ ಬೇಗ ಮೊಂಡಾಗುತ್ತೆ, ಹಾಗಾಗಿ ಒಂದಕ್ಕೆ ಅದು ಇನ್ನೊಂದಕ್ಕೆ ಇದು ಹಾಕಿ ಹೋಲಿಸಿದ್ರೆ ಎಂಜಿನ್ ಬಗ್ಗೆ ಏನೂ ಗೊತ್ತಾಗಲ್ಲ. ಎರಡು ಹೊಸ ಚೈನ್ ಒಟ್ಟಿಗೆ ತಗೊಂಡು ಹಾಕಿದ್ರೆ ಒಳ್ಳೇದು. ಎರಡೂ ಒಂದೇ ಮಾಡೆಲ್ ಆಗಿದ್ರೆ ಇನ್ನೂ ಒಳ್ಳೇದು, ಅದೇ ಬಾರ್ ಅದೇ ಚೈನ್ ಬಿಚ್ಚಿ ಇದಕ್ಕೊಂದು ಸಲ ಅದಕ್ಕೊಂದು ಸಲ ಹಾಕಿ ನೋಡ್ಬಹುದು. ಹಳೇ ಚೈನ್ ಆದ್ರೆ ಮಸೆದು ಸಮ ಮಾಡಿ, 3/8 ಇಂಚು ಪಿಚ್ಚಿಗೆ ಸಾಮಾನ್ಯವಾಗಿ 5.5 ಇಲ್ಲ 5.2 ಮಿ.ಮೀ. ರೌಂಡ್ ಫೈಲು, .325 ಪಿಚ್ಚಿಗೆ 4.8 ಮಿ.ಮೀ., ಸಣ್ಣ ಮೆಷಿನ್‌ಗೆ ಬರೋ ಲೋ ಪ್ರೊಫೈಲ್ 3/8ಕ್ಕೆ 4 ಮಿ.ಮೀ. ಪ್ರತಿ ಹಲ್ಲಿನ ಮುಂದೆ ಇರೋ ಆ ಗಿಡ್ಡ ಉಬ್ಬು ಇದೆಯಲ್ಲ, ಡೆಪ್ತ್ ಗೇಜು, ಅದು ಹಲ್ಲಿನ ತುದಿಗಿಂತ ಎಷ್ಟು ತಗ್ಗಿರುತ್ತೋ ಹಲ್ಲು ಅಷ್ಟು ಆಳಕ್ಕೆ ಕಚ್ಚುತ್ತೆ. ಸಾಮಾನ್ಯವಾಗಿ 0.65 ಮಿ.ಮೀ. ಇಡ್ತಾರೆ. ಹಲ್ಲು ಮಸೆದೂ ಮಸೆದೂ ಸವೆಸಿ ಇದನ್ನ ಮಾತ್ರ ಮುಟ್ಟದೇ ಬಿಟ್ಟವರ ಚೈನು ಎಷ್ಟೇ ಹರಿತ ಇದ್ರೂ ಮರದ ಮೇಲೆ ಜಾರ್ತಾ ಇರುತ್ತೆ, ಅವರು ಮೆಷಿನ್‌ಗೆ ಪವರ್ ಸಾಲ್ತಿಲ್ಲ ಅಂತ ಪೋರ್ಟಿಂಗ್ ವಿಚಾರಿಸ್ತಾರೆ.

ಚೈನ್ ಸರಿ ಇದೆಯಾ ಇಲ್ವಾ ಅಂತ ನೋಡೋಕೆ ಉಪಕರಣ ಬೇಡ, ಒಂದು ತುಂಡು ಕೊಯ್ದು ಮೆಷಿನ್ ಆಫ್ ಮಾಡಿ ಕೆಳಗೆ ಬಿದ್ದಿದ್ದನ್ನ ಒಂದು ಹಿಡಿ ಎತ್ತಿ ನೋಡಿ. ಬೆರಳಿಗೆ ಸಿಗೋ ಹಾಗೆ, ಚೌಕ ಚೌಕ ಚಕ್ಕೆ ಇದ್ರೆ ಹಲ್ಲು ಕಚ್ತಾ ಇದೆ. ಹಿಟ್ಟಿನ ಹಾಗೆ ಬೆರಳ ಸಂದಿಯಲ್ಲಿ ಸೋರಿಹೋಗೋ ಪುಡಿ ಆದ್ರೆ ಹಲ್ಲು ಉಜ್ತಾ ಇದೆ, ಟೆಸ್ಟ್ ಅಲ್ಲೇ ನಿಲ್ಸಿ ಮಸೆದು ಬನ್ನಿ. ತೀರಾ ಒಣಗಿದ ಗಟ್ಟಿ ಮರದಲ್ಲಿ ಚಕ್ಕೆ ಸ್ವಲ್ಪ ಸಣ್ಣ ಬರುತ್ತೆ, ಅದನ್ನ ಲೆಕ್ಕಕ್ಕೆ ಇಟ್ಕೊಳ್ಳಿ.

ದಿಮ್ಮಿ ಆರಿಸುವಾಗ ಗಂಟಿಲ್ಲದ, ನೇರವಾಗಿರೋ ಒಂದೇ ದಿಮ್ಮಿ ಆಗ್ಬೇಕು, ಬಾರ್ ಉದ್ದದ ಮುಕ್ಕಾಲು ಪಾಲು ಮುಳುಗೋ ಅಷ್ಟು ದಪ್ಪ ಇದ್ರೆ ಸಾಕು. ಕೊಯ್ಯೋ ತುದಿ ಆಸರೆಯಿಂದ ಹೊರಗೆ ಚಾಚಿಕೊಂಡಿರಲಿ, ಇಲ್ಲಾಂದ್ರೆ ಅರ್ಧಕ್ಕೆ ಬಂದಾಗ ಮರ ಕೂತು ಬಾರ್ ಹಿಡ್ಕೊಳ್ಳುತ್ತೆ. ಎರಡೂ ಮೆಷಿನ್ ಬಿಸಿ ಮಾಡ್ಕೊಳ್ಳಿ, ಎರಡರಲ್ಲೂ ಒಂದೇ ಮಿಕ್ಸ್ ಪೆಟ್ರೋಲ್ ಇರಲಿ. ದಿಮ್ಮಿ ಒಂದು ಕಡೆಗೆ ಸಣ್ಣ ಆಗ್ತಾ ಹೋಗುತ್ತಲ್ಲ, ಅದಕ್ಕೆ ಒಂದು ಮೆಷಿನ್‌ದು ಪೂರ್ತಿ ಮುಗಿಸಿ ಇನ್ನೊಂದು ಹಿಡೀಬೇಡಿ, ಸ್ಟಾಕ್, ಮಾಡಿಫೈಡ್, ಮಾಡಿಫೈಡ್, ಸ್ಟಾಕ್ ಈ ಕ್ರಮದಲ್ಲಿ ಕೊಯ್ಯಿರಿ, ಹೀಗೆ ಎರಡು ಮೂರು ಸುತ್ತು ಮಾಡಿ ಆವರೇಜ್ ತಗೊಳ್ಳಿ. ಕೊಯ್ಯೋರು ಒಬ್ಬರೇ ಆಗಿರ್ಬೇಕು, ಟೈಮ್ ನೋಡೋರು ಇನ್ನೊಬ್ರು ದೂರ ನಿಂತಿರ್ಬೇಕು. ಮೊದ್ಲ ಸುತ್ತು ಮೆಷಿನ್ ತನ್ನ ತೂಕದಲ್ಲೇ ಇಳಿಯೋಕೆ ಬಿಡಿ, ಕೈಯಲ್ಲಿ ಒತ್ತಬೇಡಿ. ಆಮೇಲೆ ಬೇಕಾದ್ರೆ ಮುಂದಿನ ಮುಳ್ಳು ಮರಕ್ಕೆ ಊರಿ ಒತ್ತಿ ಇನ್ನೊಂದು ಸುತ್ತು ಮಾಡಿ, ಅಲ್ಲಿ ಟಾರ್ಕ್, ಅಂದ್ರೆ ಎಂಜಿನ್‌ನ ತಿರುಗಿಸೋ ಬಲ ಗೊತ್ತಾಗುತ್ತೆ. ಒಳ್ಳೇ ಕೆಲಸ ಆಗಿರೋ ಮೆಷಿನ್ ಒತ್ತಿದ್ರೂ ಆರ್‌ಪಿಎಮ್ ಬಿಡಲ್ಲ, ಬರೀ ಹೈಸ್ಪೀಡ್‌ಗೆ ಅಂತ ಪೋರ್ಟ್ ಕೊರೆದ ಮೆಷಿನ್ ಖಾಲಿ ರೇಸ್ ಮಾಡಿದಾಗ ಕಿರುಚುತ್ತೆ, ಒತ್ತಿದ್ರೆ ಕುಸಿಯುತ್ತೆ. ಸೌದೆಗೆ ಎರಡನೇದು ಬೇಡವೇ ಬೇಡ.

ಸ್ಪ್ರಾಕೆಟ್, ಅಂದ್ರೆ ಚೈನ್ ತಿರುಗಿಸೋ ಹಲ್ಲುಚಕ್ರದ ಹಲ್ಲುಗಳನ್ನೂ ಎಣಿಸಿ ನೋಡಿ, ಇದನ್ನ ಜನ ಮರೀತಾರೆ. 7 ಹಲ್ಲಿನ ಸ್ಪ್ರಾಕೆಟ್, 3/8 ಚೈನ್ ಆದ್ರೆ ಎಂಜಿನ್ ಒಂದು ಸುತ್ತಿಗೆ ಚೈನ್ ಸುಮಾರು 133 ಮಿ.ಮೀ. ಓಡುತ್ತೆ, 8 ಹಲ್ಲಿಂದು ಆದ್ರೆ 152. ನಿಮಿಷಕ್ಕೆ 10,000 ಸುತ್ತಿನಲ್ಲಿ ಅದು ಸೆಕೆಂಡಿಗೆ 22 ಮೀಟರ್ ಹಾಗೂ 25 ಮೀಟರ್. ಮಾಡಿಫೈಡ್ ಮೆಷಿನ್‌ಗೆ 8 ಹಲ್ಲಿಂದು ಹಾಕಿ ಸ್ಟಾಕ್‌ಗೆ 7 ಬಿಟ್ಟಿದ್ರೆ ಹೋಲಿಕೆ ಅಲ್ಲೇ ಕೆಟ್ಟಿತು.

ಇನ್ನು ಟ್ಯೂನಿಂಗ್, ಇಲ್ಲಿ ನಿಧಾನ ಮಾಡಿ ದಯವಿಟ್ಟು. ಸೈಲೆನ್ಸರ್ ಓಪನ್ ಮಾಡಿದ್ರೆ ಗಾಳಿ ಜಾಸ್ತಿ ಒಳಗೆ ಬರುತ್ತೆ, ಪೆಟ್ರೋಲ್ ಅದಕ್ಕೆ ತಕ್ಕ ಹಾಗೆ ಏರಿಸ್ಲಿಲ್ಲ ಅಂದ್ರೆ ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿಗೆ ಪೆಟ್ರೋಲ್ ಸಾಲಲ್ಲ, ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬರೋದೇ ಪೆಟ್ರೋಲ್ ಜೊತೆ, ಅದು ಕಮ್ಮಿ ಆದ್ರೆ ಎಣ್ಣೆನೂ ಕಮ್ಮಿ, ಬಿಸಿನೂ ಜಾಸ್ತಿ. ನನ್ನ ಒಂದು ಮೆಷಿನ್ ಹೀಗೇ ಹೋಯ್ತು. ಸೈಲೆನ್ಸರ್ ಕೊರೆಸಿ ತಂದ ದಿನ ಅದು ಎಷ್ಟು ಚುರುಕಾಗಿತ್ತು ಅಂದ್ರೆ ಕಾರ್ಬೋರೇಟರ್ ಸ್ಕ್ರೂ ಮುಟ್ಟೋ ಅಗತ್ಯನೇ ಇಲ್ಲ ಅಂದ್ಕೊಂಡೆ, ಮೂರನೇ ಟ್ಯಾಂಕ್‌ನಲ್ಲಿ ದಪ್ಪ ದಿಮ್ಮಿ ಮಧ್ಯೆ ಸೌಂಡ್ ಇದ್ದಕ್ಕಿದ್ದ ಹಾಗೆ ತೆಳ್ಳಗಾಗಿ ಮೇಲಕ್ಕೆ ಹೋಯ್ತು, ಆಮೇಲೆ ನಿಂತೇ ಹೋಯ್ತು, ಹಗ್ಗ ಎಳೆದ್ರೆ ಅಲ್ಲಾಡ್ಲಿಲ್ಲ. ಪಿಸ್ಟನ್ ಸೀಜ್, ಅಂದ್ರೆ ಸಿಲಿಂಡರ್‌ನಲ್ಲೇ ಕಚ್ಚಿಕೊಂಡು ನಿಂತಿತ್ತು.

ಈಗ ನಾನು ಮಾಡೋದು ಹೀಗೆ. ಏರ್ ಫಿಲ್ಟರ್ ಕ್ಲೀನ್ ಇರ್ಬೇಕು, ಮೆಷಿನ್ ಬಿಸಿ ಇರ್ಬೇಕು, ಚೈನ್ ಹಾಕಿರ್ಬೇಕು. ಕಾರ್ಬೋರೇಟರ್‌ನ ಎಲ್ ಸ್ಕ್ರೂನಲ್ಲಿ (ಕಮ್ಮಿ ಸ್ಪೀಡಿನ ಪೆಟ್ರೋಲ್‌ಗೆ ಇರೋದು) ಐಡ್ಲಿಂಗ್ ಹಾಗೂ ಪಿಕಪ್ ಸರಿ ಮಾಡಿ, ಆಮೇಲೆ ಫುಲ್ ಸ್ಪೀಡಿನ ಪೆಟ್ರೋಲ್‌ಗೆ ಇರೋ ಎಚ್ ಸ್ಕ್ರೂನ ಎಡಕ್ಕೆ, ಅಂದ್ರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ, ಸ್ವಲ್ಪ ಸ್ವಲ್ಪನೇ ಬಿಚ್ತಾ ಹೋಗಿ, ಪೆಟ್ರೋಲ್ ಜಾಸ್ತಿ ಆಗುತ್ತೆ. ಖಾಲಿ ಫುಲ್ ರೇಸ್ ಕೊಟ್ಟಾಗ ಸೌಂಡ್ ನುಣ್ಣಗೆ ಇರ್ಬಾರ್ದು, ಬರ್ರ್ ಬರ್ರ್ ಅಂತ ಒಡೆದ ಹಾಗೆ, ಗಂಟಲು ಕಟ್ಟಿದ ಹಾಗೆ ಬರ್ಬೇಕು. ಅದೇ ಬಾರ್ ಮರಕ್ಕೆ ಇಟ್ಟ ತಕ್ಷಣ ಆ ಒಡಕು ಮಾಯ ಆಗಿ ಸೌಂಡ್ ಸ್ವಚ್ಛ ಆಗ್ಬೇಕು, ಮೇಲೆತ್ತಿದ ತಕ್ಷಣ ಮತ್ತೆ ಒಡೀಬೇಕು. ಮರದೊಳಗೂ ಒಡಕು ಉಳಿದ್ರೆ ಪೆಟ್ರೋಲ್ ಜಾಸ್ತಿ ಆಯ್ತು, ಖಾಲಿ ಇದ್ದಾಗ್ಲೇ ನುಣ್ಣಗಿದ್ರೆ ಕಮ್ಮಿ ಆಯ್ತು ಅಂತ. ಆ ಖಾಲಿ ರೇಸ್ ಎರಡು ಸೆಕೆಂಡಿಗಿಂತ ಜಾಸ್ತಿ ಹಿಡೀಬೇಡಿ. ಆರ್‌ಪಿಎಮ್ ಅಳೆಯೋ ಟ್ಯಾಕೋಮೀಟರ್ ಇದ್ರೆ ಕಂಪನಿ ಹೇಳಿರೋ ಮ್ಯಾಕ್ಸಿಮಮ್ ದಾಟಬೇಡಿ. ಕೆಲವು ಮೆಷಿನ್‌ನಲ್ಲಿ ಸ್ಕ್ರೂ ಮೇಲೆ ಲಿಮಿಟರ್ ಕ್ಯಾಪ್ ಇದ್ದು ಜಾಸ್ತಿ ತಿರುಗಲ್ಲ, ಹಾಗಿದ್ರೆ ಟ್ಯೂನ್ ಮಾಡೋ ದಾರಿ ಗೊತ್ತಾಗೋವರೆಗೆ ಸೈಲೆನ್ಸರ್ ಮುಟ್ಟಲೇಬೇಡಿ. ಹಸ್ಕ್ವರ್ನಾದ ಆಟೋಟ್ಯೂನ್, ಸ್ಟಿಲ್‌ನ ಎಂ-ಟ್ರಾನಿಕ್ ಇರೋ ಮೆಷಿನ್‌ಗಳು ತಾವೇ ಸರಿಹೊಂದಿಸಿಕೊಳ್ತವೆ, ಅದಕ್ಕೂ ಒಂದು ಮಿತಿ ಇದೆ. ಆಯಿಲ್ ವಿಷಯದಲ್ಲಿ 50:1 ಅಂದ್ರೆ ಲೀಟರಿಗೆ 20 ಎಂಎಲ್ ಕಂಪನಿಗಳು ಹೇಳೋ ಲೆಕ್ಕ, ಪೋರ್ಟಿಂಗ್ ಮಾಡಿಸಿದವರು ಸುಮಾರು ಜನ 40:1, ಅಂದ್ರೆ 25 ಎಂಎಲ್ ಹಾಕ್ತಾರೆ, ನಾನೂ ಹಾಗೇ. ಅನುಪಾತ ಬದಲಾಯಿಸಿದ್ರೆ ಮತ್ತೆ ಟ್ಯೂನ್ ಮಾಡ್ಬೇಕು ಅನ್ನೋದು ನೆನಪಿರಲಿ.

ಈಗ ಸ್ಟಾಪ್‌ವಾಚ್‌ನಲ್ಲಿ ಎರಡೂ ಮೆಷಿನ್‌ದು ಟೈಮ್ ಸಿಕ್ತು ಅಂದ್ಕೊಳ್ಳಿ. ಉದಾಹರಣೆಗೆ ಸ್ಟಾಕ್ ಒಂದು ತುಂಡಿಗೆ 10 ಸೆಕೆಂಡು, ಮಾಡಿಫೈಡ್ 7 ಸೆಕೆಂಡು. ಕೇಳೋಕೆ ದೊಡ್ಡ ವ್ಯತ್ಯಾಸ. ಆದ್ರೆ ದಿನಕ್ಕೆ 100 ತುಂಡು ಕೊಯ್ದ್ರೆ ಉಳಿಯೋದು 300 ಸೆಕೆಂಡು, ಬರೀ 5 ನಿಮಿಷ. ಸೌದೆ ಕೆಲಸದಲ್ಲಿ ಚೈನ್ ಮರದೊಳಗೆ ಇರೋ ಹೊತ್ತೇ ಕಮ್ಮಿ, ದಿಮ್ಮಿ ಉರುಳಿಸೋದು, ತುಂಡು ಹೊರೋದು, ಸೀಳೋದು, ಪೇರಿಸೋದು, ಚೈನ್ ಮಸೆಯೋದು ಇದೇ ದಿನ ತಿನ್ನುತ್ತೆ. ದಿನಪೂರ್ತಿ ದಪ್ಪ ದಿಮ್ಮಿಗಳನ್ನೇ ಕೊಯ್ಯೋರಿಗೆ ಈ ಲೆಕ್ಕ ಬೇರೆ, ಅಲ್ಲಿ ಉಳಿತಾಯ ಕೂಡ್ತಾ ಹೋಗುತ್ತೆ, ಕೈಗೆ ಆಯಾಸನೂ ಕಮ್ಮಿ.

ನನ್ನ ಅಭಿಪ್ರಾಯ ಕೇಳಿದ್ರೆ, ಮನೆ ಮಟ್ಟಿಗೆ ಸೌದೆ ಕೊಯ್ಯೋರು ಮೊದ್ಲು ಚೈನ್ ಮಸೆಯೋದು ಕಲೀರಿ, ಆಮೇಲೂ ಮೆಷಿನ್ ಸಾಲ್ಲಿಲ್ಲ ಅಂದ್ರೆ ಪೋರ್ಟಿಂಗ್‌ಗೆ ಹಾಕೋ ದುಡ್ಡಲ್ಲಿ ಒಂದು ಸೈಜ್ ದೊಡ್ಡ ಸ್ಟಾಕ್ ಮೆಷಿನ್ ಕಡೆ ಯೋಚನೆ ಮಾಡಿ. ಸ್ಟಿಲ್ ಎಂಎಸ್ 261 ಸುಮಾರು 50 ಸಿಸಿ, 3 ಕಿಲೋವ್ಯಾಟ್, ಎಂಎಸ್ 362 ಸುಮಾರು 59 ಸಿಸಿ, 3.5 ಕಿಲೋವ್ಯಾಟ್. ಆ ಅರ್ಧ ಕಿಲೋವ್ಯಾಟ್ ವಾರಂಟಿ ಸಮೇತ ಬರುತ್ತೆ, ಪಾರ್ಟ್ಸ್ ಎಲ್ಲಾ ಕಂಪನಿ ಲೆಕ್ಕದಲ್ಲೇ ಸಿಗುತ್ತೆ, ಬದಲಿಗೆ ನೀವು ಸ್ವಲ್ಪ ಜಾಸ್ತಿ ತೂಕ ಹೊರ್ಬೇಕು. ತೂಕ ಏರಬಾರ್ದು ಪವರ್ ಬೇಕು ಅನ್ನೋರಿಗೆ ಮಾತ್ರ ಮಾಡಿಫೈಡ್ ಸರಿಯಾದ ಉತ್ತರ, ಅವರಿಗೂ ಸೈಲೆನ್ಸರ್ ಹಾಗೂ ಟ್ಯೂನಿಂಗ್ ಇಷ್ಟರಲ್ಲೇ ತುಂಬಾ ಪಾಲು ಸಿಕ್ಕಿಬಿಡುತ್ತೆ.

ಮಾಡಿಸೋದೇ ಆದ್ರೆ ಕೆಲವು ವಿಷಯ ಬಿಡಂಗಿಲ್ಲ. ಕಿಡಿ ತಡೆಯೋ ಜಾಲರಿ ವಾಪಸ್ ಹಾಕ್ಲೇಬೇಕು, ಒಣ ಎಲೆ ಒಣ ಹುಲ್ಲಿನ ಮಧ್ಯೆ ಒಂದು ಕಿಡಿ ಸಾಕು. ಹೊಸದಾಗಿ ಕೊರೆದ ಬಾಯಿಂದ ಬರೋ ಬಿಸಿ ಹೊಗೆ ಪ್ಲಾಸ್ಟಿಕ್ ಕವರ್ ಕಡೆಗೋ ಕೈ ಕಡೆಗೋ ತಿರುಗಿರ್ಬಾರ್ದು. ಸ್ಟಾಕ್ ಚೈನ್‌ಸಾ ಸದ್ದೇ 100 ಡೆಸಿಬಲ್ ದಾಟುತ್ತೆ, 85ರ ಮೇಲೆ ಹೆಚ್ಚು ಹೊತ್ತು ಇದ್ರೆ ಕಿವಿ ಹಾಳಾಗುತ್ತೆ, ಸೈಲೆನ್ಸರ್ ಓಪನ್ ಮಾಡಿದ ಮೆಷಿನ್‌ಗೆ ಇಯರ್‌ಮಫ್ ಇಲ್ಲದೇ ಹಗ್ಗ ಎಳೀಬೇಡಿ. ಇನ್ನೊಂದು, ರಕ್ಷಣೆಯ ಪ್ಯಾಂಟ್‌ಗಳನ್ನ ಚೈನ್ ವೇಗದ ಮೇಲೆ ಕ್ಲಾಸ್ ಮಾಡಿರ್ತಾರೆ: ಕ್ಲಾಸ್ 1 ಅಂದ್ರೆ ಸೆಕೆಂಡಿಗೆ 20 ಮೀಟರ್, ಕ್ಲಾಸ್ 2 ಅಂದ್ರೆ 24, ಕ್ಲಾಸ್ 3 ಅಂದ್ರೆ 28. ಮೇಲೆ ಹೇಳಿದ ಲೆಕ್ಕ ನೋಡಿ, 10,000 ಆರ್‌ಪಿಎಮ್‌ನಲ್ಲೇ 22 ಬಂತು, ಅಂದ್ರೆ ಕ್ಲಾಸ್ 1 ಪ್ಯಾಂಟ್ ಟೆಸ್ಟ್ ಆಗಿರೋ ವೇಗ ಆಗ್ಲೇ ದಾಟಿಹೋಯ್ತು. ಸ್ಪೀಡ್ ಏರಿಸಿದವರು ಪ್ಯಾಂಟ್ ಲೇಬಲ್ ಓದಲೇಬೇಕು.

ಮಾಡಿಫೈ ಆದ ಮೇಲೆ ಹತ್ತು ಟ್ಯಾಂಕ್ ಓಡಿಸಿ, ಮೆಷಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನೋಡಿ, ತುದಿ ತಿಳಿ ಕಂದು ಬಣ್ಣ ಇದ್ರೆ ಸರಿ, ಬಿಳಿ ಆಗಿದ್ರೆ ಲೀನ್. ಹಾಗೇ ಸೈಲೆನ್ಸರ್‌ನೂ ತೆಗೆದು ಹಗ್ಗ ನಿಧಾನಕ್ಕೆ ಎಳೆದು ಎಕ್ಸಾಸ್ಟ್ ಪೋರ್ಟ್ ಒಳಗೆ ಟಾರ್ಚ್ ಬಿಡಿ. ಪಿಸ್ಟನ್ ಮೈ ನುಣ್ಣಗೆ ಇದ್ದು ಮಷಿನಿಂಗ್ ಮಾಡಿದ ಸಣ್ಣ ಅಡ್ಡ ಗೆರೆಗಳು ಇನ್ನೂ ಕಾಣ್ತಾ ಇದ್ರೆ ಎಂಜಿನ್ ಚೆನ್ನಾಗಿದೆ. ಮೇಲಿಂದ ಕೆಳಗೆ ಉದ್ದಕ್ಕೆ ಗೀಚಿದ ಬೂದು ಗೆರೆ ಕಂಡ್ರೆ ಅದೇ ಕ್ಷಣ ನಿಲ್ಸಿ, ಇನ್ನೊಂದು ತುಂಡು ಕೂಡ ಕೊಯ್ಬೇಡಿ, ಎಲ್ಲಿಂದ ಗಾಳಿ ಎಳೀತಿದೆ, ಎಚ್ ಸ್ಕ್ರೂ ಎಷ್ಟು ತೆರೆದಿದೆ ಅಂತ ಪತ್ತೆ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ.